ಒಂದು ಗೇಣಿನ ಬೆಂಕಿ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದುಕೊಂಡರೆ ಹಾನಗಲ್ ಕಡೆಯ ಹಳ್ಳಿಮನೆಗಳಲ್ಲಿ ಎಲ್ಲರ ಕಾಲೂ ತಾನಾಗಿ ಎಳೆಯುವುದು ಬಚ್ಚಲ ಕಡೆಗೆ. ಅಲ್ಲಿ ಹಂಡೆಯ ಒಲೆ ಉರಿಯುತ್ತಿರುತ್ತದೆ. ಗದ್ದೆಯಿಂದ ನೆನೆದು ಬಂದವರು ಕಂಬಳಿಕೊಪ್ಪೆಯನ್ನು ಗೂಟಕ್ಕೆ ಸಿಕ್ಕಿಸಿ ಒಲೆಯ ಬಾಯಿಗೆ ಅಂಗೈ ಒಡ್ಡಿ ಕೂರುತ್ತಾರೆ. ಮೇಲಿನ ಗಳದ ಮೇಲೆ ಕೂಸಿನ ಕುಂಚಿಗೆ, ಕೌದಿಯ ತುಂಡು ಒಣಗುತ್ತಿರುತ್ತವೆ. ಪಕ್ಕದಲ್ಲಿ ನಾಳೆಗೆ ಬೇಕಾದ ಕಟ್ಟಿಗೆ ಹಸಿ ಆರಿಸಿಕೊಳ್ಳುತ್ತಿರುತ್ತದೆ. ಹಿಮ ಬೀಳುವ ಸೀಮೆ ನಮ್ಮದಲ್ಲ, ಕೋಣೆ ಕಾಯಿಸಲೆಂದೇ ಒಲೆ ಹೂಡುವ ರೂಢಿಯೂ ಇಲ್ಲ. ಆದರೆ ಅರೆಮಲೆನಾಡಿನ ಈ ಅಂಚಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಮನೆಯನ್ನು ಮನೆಯಾಗಿ ಉಳಿಸುವುದು ಆ ಒಂದು ಗೇಣು ಬಾಯಿಯ ಬೆಂಕಿ.

ಆ ಗೇಣು ಬರಿಯ ಮಾತಿನ ಅಲಂಕಾರವಲ್ಲ. ಒಲೆ ಹಾಕುವ ಕೈಗಳು ಅಳೆಯುವುದೇ ಹಾಗೆ. ಬಾಯಿ ಒಂದು ಗೇಣು, ಒಳಗಿನ ಆಳ ಗೇಣಿನ ಮೇಲೆ ನಾಲ್ಕು ಬೆರಳು, ಪಾತ್ರೆಯ ತಳಕ್ಕೂ ಒಲೆಯ ಅಂಚಿಗೂ ನಡುವೆ ಒಂದು ಬೆರಳಿನ ಸಂದು. ಮನೆಯ ಮಂದಿ ಎಷ್ಟು, ಹಂಚು ಎಷ್ಟಗಲ, ಅನ್ನದ ಗಡಿಗೆ ಎಷ್ಟು ದೊಡ್ಡದು ಎಂದು ಮೊದಲು ಕೇಳಿಕೊಂಡು, ಆಮೇಲೆ ಮಣ್ಣಿಗೆ ಕೈ ಇಡುವುದು. ಹೊಸದಾಗಿ ಬೇರೆ ಮನೆ ಹೂಡಿದ ಸೊಸೆಯೊಬ್ಬಳು ದೊಡ್ಡ ಒಲೆಯೇ ಇರಲಿ ಎಂದಾಗ, ಒಲೆ ಹಾಕುತ್ತಿದ್ದ ದೊಡ್ಡವ್ವ ಕೈಯ ಮಣ್ಣು ಉಜ್ಜಿಕೊಳ್ಳುತ್ತ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಬ್ಯಾಡ ನಮ್ಮವ್ವಾ. ಒಲಿ ಹೊಟ್ಟಿ ದೊಡ್ಡದಾತಂದ್ರ ಕಟಗಿ ತಿಂತೈತಿ, ಹೊಗಿ ಕಾರತೈತಿ. ನಿನ್ನ ಗಡಗಿಗಿ ಎಷ್ಟು ಬೇಕೋ ಅಷ್ಟ ಇರಲಿ.”

ಆ ಮಣ್ಣಿನ ಕೆಲಸವನ್ನು ನೋಡುವುದೇ ಒಂದು ಸುಖ. ಕೆರೆಯ ಜಿಗುಟು ಮಣ್ಣನ್ನು ರಾತ್ರಿಯಿಡೀ ನೆನೆಹಾಕಿ, ಭತ್ತದ ಹೊಟ್ಟು, ಕುದುರೆ ಲದ್ದಿ ಬೆರೆಸಿ, ಹಿಮ್ಮಡಿಯಿಂದ ತುಳಿದು ಹದಕ್ಕೆ ತರುತ್ತಾರೆ. ಹೊಟ್ಟು ಮಣ್ಣು ಬಿರಿಯದಂತೆ ಹಿಡಿಯುತ್ತದೆ. ಮುಂದೆ ಬೆಂಕಿಗೆ ಹೊಟ್ಟು ಸುಟ್ಟುಹೋದಾಗ ಅದರ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಉಳಿದು, ಕಾವು ಹೊರಗೋಡೆಗೆ ಬೇಗನೆ ಸೋರದಂತೆ ಕಾಯುತ್ತವೆ. ಗೋಡೆ ಏರುತ್ತ ಬಂದಂತೆ ಅಂಗೈ ಅದನ್ನು ತುಸು ಒಳಕ್ಕೆ ಬಾಗಿಸುತ್ತದೆ. ಮೇಲೆ ಪಾತ್ರೆ ಕೂರಲು ಮಣ್ಣಿನ ಮೂರು ಉಬ್ಬು, ಪಕ್ಕದಲ್ಲಿ ಸಾರು ಬೆಚ್ಚಗಿಡಲು ಒಂದು ಕೋಡೊಲೆ. ನೆರಳಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ಸಗಣಿಯಿಂದ ಸಾರಿಸಿ, ಮುಂದೆ ರಂಗೋಲಿಯ ಎರಡು ಎಳೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಚಾಲುಕ್ಯರ ಕಾಲದ ಕಮಲದ ಛತ್ತು ಕಾಣುತ್ತದೆ. ಸುತ್ತಿನೊಳಗೆ ಸುತ್ತು ಕಿರಿದಾಗುತ್ತ ನಡುವಿನ ಹೂವಿಗೆ ಇಳಿಯುವ ಆ ಕಲ್ಲಿನ ಕೆಲಸ ನೋಡಿ ಬಂದ ಕಣ್ಣು, ಅಡುಗೆಮನೆಯ ಈ ಬಾಗುವಿಕೆಯ ಮೇಲೂ ನಿಲ್ಲುತ್ತದೆ. ಕಲ್ಲಿನದು ಶತಮಾನಗಳನ್ನು ದಾಟಿದೆ. ಮಣ್ಣಿನದನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು, ಅದಕ್ಕೇ ಅದರ ಅಳತೆ ಕೈಯಿಂದ ಕೈಗೆ ಸಾಗಿ ಬಂದಿದೆ.

ಈ ಅಳತೆಯ ಹಿಂದಿನ ನ್ಯಾಯ ಸರಳ. ಕಟ್ಟಿಗೆ ಕಾದಾಗ ಉರಿಯಬಲ್ಲ ಅನಿಲ ಹೊರಬೀಳುತ್ತದೆ. ಅದಕ್ಕೆ ಸಾಕಷ್ಟು ಗಾಳಿ, ಸಾಕಷ್ಟು ಬಿಸಿ ಎರಡೂ ಸಿಕ್ಕರೆ ಜ್ವಾಲೆ, ಸಿಗದಿದ್ದರೆ ಹೊಗೆ. ಒಲೆಯ ಹೊಟ್ಟೆ ಬೇಕಾದ್ದಕ್ಕಿಂತ ದೊಡ್ಡದಾದರೆ ಸಣ್ಣ ಉರಿ ತನ್ನ ಗೋಡೆಯನ್ನೇ ಕಾಯಿಸಲಾರದೆ ತಣ್ಣಗೆ ಹೊಗೆಯಾಡುತ್ತದೆ. ಚಿಕ್ಕದಾದರೆ ಜ್ವಾಲೆ ಪಾತ್ರೆಯ ಮಗ್ಗುಲಿಂದ ನುಗ್ಗಿ ಮಾಡನ್ನು ಕಾಯಿಸುತ್ತದೆ. ಹಿಮದ ನಾಡುಗಳಲ್ಲಿ ಕೋಣೆಗೆ ಕಬ್ಬಿಣದ ಒಲೆ ಕೊಳ್ಳುವವರೂ ಇದೇ ಪಾಠ ಕಲಿಯುತ್ತಾರೆ. ದೊಡ್ಡದನ್ನು ತಂದು, ಕೋಣೆ ಬೇಯತೊಡಗಿದೊಡನೆ ಗಾಳಿಯ ಕಿಂಡಿ ಮುಚ್ಚುತ್ತಾರೆ. ಬೆಂಕಿ ಉಸಿರುಗಟ್ಟಿ ಡಾಂಬರಿನಂಥ ಅಂಟು ಚಿಮಣಿಯ ಒಳಮೈಗೆ ಹತ್ತುತ್ತದೆ. ಮುಂದೊಂದು ದಿನ ಆ ಅಂಟಿಗೇ ಬೆಂಕಿ ತಗಲುತ್ತದೆ. ದೊಡ್ಡವ್ವನ ಮಾತು ಅಲ್ಲಿಗೂ ಸಲ್ಲುತ್ತದೆ.

ಈ ಹದವನ್ನು ಲೆಕ್ಕಕ್ಕೆ ಇಳಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ಹಳ್ಳಿಯ ಬದುಕಿಗೆ ಬೇಕಾದ ವಿಜ್ಞಾನ ಅದರ ಕೆಲಸ. 1980ರ ದಶಕದ ಆರಂಭದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರ ದುಡಿಮೆಯಿಂದ ಅಸ್ತ್ರ ಒಲೆ ರೂಪುಗೊಂಡಿತು. ಕೆಳಗಿನಿಂದ ಗಾಳಿ ಎಳೆಯಲು ಕಬ್ಬಿಣದ ಜಾಲರಿ, ಜ್ವಾಲೆ ತಳವನ್ನೆಲ್ಲ ತಬ್ಬುವಂತೆ ಒಳಗಿಳಿದು ಕೂರುವ ಮೂರು ಪಾತ್ರೆ, ಕೊನೆಯಲ್ಲಿ ಹೊಗೆಗೊಳವೆ. ಹಳೆಯ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಕ್ತಿಯ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿದರೆ, ಪರೀಕ್ಷೆಯಲ್ಲಿ ಇದು ಹತ್ತರಲ್ಲಿ ನಾಲ್ಕು ಪಾಲು ಮುಟ್ಟಿಸಿತು.

ಆ ಲೆಕ್ಕವನ್ನು ನಮ್ಮ ಹಂಡೆಗೆ ಹೊಂದಿಸಿ ನೋಡಿದರೆ ನನಗೆ ಇಂದಿಗೂ ಮೈನವಿರೇಳುತ್ತದೆ. 40 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಏರಿಸಲು 1,000 ಕಿಲೊಕ್ಯಾಲೊರಿ ಬೇಕು. ಒಣಗಿದ ಒಂದು ಕಿಲೊ ಕಟ್ಟಿಗೆಯಲ್ಲಿ ಇರುವುದು ಸುಮಾರು 4,000. ಹತ್ತರಲ್ಲೊಂದು ಪಾಲು ಮುಟ್ಟಿಸುವ ಒಲೆಗೆ ಎರಡೂವರೆ ಕಿಲೊ ಕಟ್ಟಿಗೆ ಹಾಕಬೇಕು. ನಾಲ್ಕು ಪಾಲು ಮುಟ್ಟಿಸುವುದಕ್ಕೆ ಆರುನೂರು ಗ್ರಾಮಿನ ಆಸುಪಾಸು ಸಾಕು. ಉಳಿದದ್ದು ಯಾರೋ ಒಬ್ಬ ತಾಯಿ ತಲೆಯ ಮೇಲೆ ಹೊತ್ತು ತರುವುದು ತಪ್ಪಿದ ಹೊರೆ. ಇದು ಒಣ ಕಟ್ಟಿಗೆಯ ಲೆಕ್ಕ, ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಆ ನೀರಿನ ಒಂದೊಂದು ಕಿಲೊ ಆವಿಯಾಗುವಾಗ ಸುಮಾರು 600 ಕಿಲೊಕ್ಯಾಲೊರಿಯನ್ನು ನುಂಗುತ್ತದೆ. ಬೇಸಿಗೆಯಲ್ಲೇ ಕಟ್ಟಿಗೆ ಸೀಳಿ ಸೂರಿನಡಿ ಪೇರಿಸುವ ಹಿರಿಯರು ಈ ಸಂಖ್ಯೆ ಕೇಳಿದವರಲ್ಲ, ಆದರೆ ಅದರಂತೆಯೇ ಬದುಕಿದವರು.

ಹಾನಗಲ್ಲಿನಿಂದ ಈಶಾನ್ಯಕ್ಕೆ, ಶಿಗ್ಗಾಂವಿ ದಾಟಿ ಸವಣೂರಿನ ಎರೆಭೂಮಿಗೆ ಇಳಿದರೆ ಅನ್ನದ ಗಡಿಗೆ ಹಿಂದೆ ಸರಿದು ರೊಟ್ಟಿಯ ಹಂಚು ಮುಂದೆ ಬರುತ್ತದೆ. ಸಮ ಉರಿ ಎಂದರೇನು ಎಂಬುದನ್ನು ಜೋಳದ ರೊಟ್ಟಿಯಷ್ಟು ಚೆನ್ನಾಗಿ ಕಲಿಸುವ ಗುರು ಇನ್ನೊಬ್ಬರಿಲ್ಲ. ಹಂಚಿನ ನಡು ಕಾದು ಅಂಚು ತಣ್ಣಗಿದ್ದರೆ ರೊಟ್ಟಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಒಲೆಯ ಹೊಟ್ಟೆ ಹಂಚಿಗೆ ಒಪ್ಪಿದ್ದರೆ ಜ್ವಾಲೆ ತಳದುದ್ದಕ್ಕೂ ಹರಡಿ, ಅಂಚಿನಿಂದ ಹೊರಗೆ ನಾಲಿಗೆ ಚಾಚದೆ ನಿಲ್ಲುತ್ತದೆ. ಹಂಚಿನ ಮೇಲೆ ಒಂದು ರೊಟ್ಟಿಗೆ ನೀರು ಸವರುವಷ್ಟರಲ್ಲಿ ಕೆಳಗೆ ಇನ್ನೊಂದು ಒಲೆಬಾಯಿಯ ಕೆಂಡಕ್ಕೆ ಒರಗಿ ಉಬ್ಬುತ್ತಿರುತ್ತದೆ. ಬಡಿಯುವ ಕೈಯ ತಾಳ, ಬೇಯುವ ಹೊತ್ತು, ಉಬ್ಬುವ ಹೊತ್ತು ಮೂರೂ ಕೂಡಿಕೊಂಡ ಒಲೆಯ ಮುಂದೆ ಕೂತು ಬಿಸಿರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ಕಾಣಬೇಕು. ಸವಣೂರಿನ ಹೆಸರು ಹೊತ್ತ ಖಾರದ ಗರಿಯೂ ಇದೇ ಸಮ ಉರಿಯ ಮಗುವೇ. ಎಣ್ಣೆಯ ಕಾವು ಏರಿಳಿದರೆ ಹಿಟ್ಟಿನ ಎಳೆ ಸೀಯುತ್ತದೆ, ಇಲ್ಲವೆ ಎಣ್ಣೆ ಕುಡಿಯುತ್ತದೆ.

ಹಿರೇಕೆರೂರು ಕುಂಬಾರರ ನೆನಪಿನ ಸೀಮೆ. ಸರ್ವಜ್ಞನ ತಾಯಿ ಈ ತಾಲ್ಲೂಕಿನ ಅಬಲೂರಿನ ಕುಂಬಾರರ ಮನೆಯ ಮಾಳಿ ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಮಣ್ಣಿಗೂ ಬೆಂಕಿಗೂ ನಂಟು ಬೆಸೆಯುವ ಮನೆತನದಿಂದ ಅಷ್ಟು ಹದವಾದ ಮಾತು ಹುಟ್ಟಿತೆಂಬ ನಂಬಿಕೆ ನನಗೆ ತುಂಬ ಪ್ರಿಯ. ಇಲ್ಲಿ ಕಾಡಿನ ಕಟ್ಟಿಗೆಗಿಂತ ಹೊಲದ ಉರುವಲು ಹೆಚ್ಚು: ಹತ್ತಿಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ದಿಂಡು, ಕುಳ್ಳು. ಹತ್ತಿಕಟ್ಟಿಗೆ ಭಗ್ಗೆಂದು ಹತ್ತಿ ಬೇಗನೆ ಆರುತ್ತದೆ, ಕುಳ್ಳು ಮೆಲ್ಲಗೆ ಬೇಯುತ್ತದೆ, ಜಾಲಿಯ ಕೊರಡು ಗಟ್ಟಿ ಕೆಂಡ ಬಿಡುತ್ತದೆ. ಹಾಗಾಗಿ ಒಲೆಯ ಅಳತೆ ಪಾತ್ರೆಗೆ ಹೊಂದಿದರೆ ಸಾಲದು, ಹೊಲ ಕೊಡುವ ಉರುವಲಿಗೂ ಹೊಂದಬೇಕು. ಹಗುರ ಕಡ್ಡಿಗೆ ಕಿರಿದಾದ ಬಾಯಿ, ಎರಡೆರಡೇ ಎಸಳು ತಳ್ಳುವ ತಾಳ್ಮೆ. ಒಂದೇ ಸಲ ತುರುಕಿದ ಒಲೆ ಮುನಿಸಿಕೊಳ್ಳುತ್ತದೆ, ಊದುಗೊಳವೆ ಹಿಡಿದವಳ ಕಣ್ಣಲ್ಲಿ ನೀರು ತರಿಸುತ್ತದೆ.

ಕಾವಿನ ಅಳತೆ ಅತ್ಯಂತ ನಯವಾಗುವುದು ಬಾಣಂತಿಯ ಕೋಣೆಯಲ್ಲಿ. ಅಲ್ಲಿ ಒಲೆ ಬರುವುದಿಲ್ಲ, ಅಗ್ಗಿಷ್ಟಿಕೆ ಬರುತ್ತದೆ. ಹೊಗೆಯೆಲ್ಲ ಹೊರಗೇ ಕಳೆದ ನಿಗಿನಿಗಿ ಕೆಂಡ, ಮೇಲೊಂದು ತೆಳು ಬೂದಿಯ ಹೊದಿಕೆ. ತಾಯಿ ಬೆವರಬಾರದು, ಕೂಸು ನಡುಗಬಾರದು. ಇಲ್ಲೇ ಎಚ್ಚರವೂ ಬೇಕು. ಹೊಗೆ ಕಾಣದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು. ಬಾಗಿಲು ತುಸು ತೆರೆದಿಟ್ಟು, ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು ಬರುವುದೂ ಅಳತೆಯ ಭಾಗವೇ. ಕಾವಿನಷ್ಟೇ ಉಸಿರಿಗೂ ಜಾಗ ಇಟ್ಟ ಮನೆಯೇ ಬೆಚ್ಚಗಿನ ಮನೆ.

ಅಡುಗೆಮನೆಗೆ ಈಗ ಸಿಲಿಂಡರ್ ಬಂದಿದೆ. ಹೊಗೆ ಕುಡಿದ ಎದೆಗಳಿಗೆ ಅದು ಬಿಡುಗಡೆ, ಅದನ್ನು ಮನಸಾರೆ ಬರಮಾಡಿಕೊಳ್ಳುತ್ತೇನೆ. ಆದರೆ ಹಂಡೆಯ ಒಲೆ ಎಷ್ಟೋ ಬಚ್ಚಲುಗಳಲ್ಲಿ ಉಳಿದಿದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುವ ಕೈಗಳೂ ಉಳಿದಿವೆ.

ದೊಡ್ಡವ್ವ ತಾನು ಹಾಕಿದ ಒಲೆಯನ್ನು ಪರೀಕ್ಷಿಸುತ್ತಿದ್ದುದು ಉರಿ ನೋಡಿ ಅಲ್ಲ. ಮೊದಲ ದಿನ ಹಾಲು ಉಕ್ಕಿಸಿ, ಅಡುಗೆ ಮುಗಿಸಿ, ರಾತ್ರಿ ಕೆಂಡಗಳನ್ನು ಒತ್ತಟ್ಟಿಗೆ ಕೂಡಿಸಿ ಬೂದಿ ಮುಚ್ಚಿ ಮಲಗಲು ಹೇಳುತ್ತಿದ್ದಳು. ಮರುದಿನ ನಸುಕಿನಲ್ಲಿ ತಾನೇ ಬಂದು ಒಲೆಯ ಗೋಡೆಗೆ ಅಂಗೈ ಹಚ್ಚುವಳು. ಆಮೇಲೆ ಒಂದು ಕಡ್ಡಿಯಿಂದ ಬೂದಿ ಸರಿಸುವಳು. ಅಡಿಯಲ್ಲಿ ಅಡಕೆಯಷ್ಟು ಕೆಂಪು ಇನ್ನೂ ಇದ್ದರೆ, ಮಾತಾಡದೆ ಅದರ ಮೇಲೆ ನಾಲ್ಕು ಎಳೆ ಹುಲ್ಲು ಇಟ್ಟು ಊದುವಳು.

ಕಡ್ಡಿಪೆಟ್ಟಿಗೆ ಬೇಕಾಗುತ್ತಿರಲಿಲ್ಲ.