ಕೂಪನ್ನಿನ ಮಿತಿ, ವ್ರತದ ಮಿತಿ

ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಬ್ರಿಟನ್ನಿನಲ್ಲಿ, ಈಚಿನ ವರ್ಷಗಳಲ್ಲಿ ಕೆಲವು ಗೃಹಸ್ಥರು ಬಟ್ಟೆಯ ಖರೀದಿಗೆ ತಮಗೆ ತಾವೇ ಪಡಿತರವನ್ನು ವಿಧಿಸಿಕೊಂಡಿದ್ದಾರೆ. ವರ್ಷಕ್ಕೆ ಐದೇ ಹೊಸ ಉಡುಪು ಎಂದು ಕೆಲವರು ನಿಶ್ಚಯಿಸಿದ್ದರೆ, ಇನ್ನು ಕೆಲವರು ಎರಡನೆಯ ಮಹಾಯುದ್ಧದ ಕಾಲದ 66 ಕೂಪನ್‌ಗಳ ಲೆಕ್ಕವನ್ನೇ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಕಾಲುಚೀಲದಂಥ ಸಣ್ಣ ವಸ್ತುಗಳನ್ನು ಅಂಗಡಿಯಿಂದ ತರದೆ ತಾವೇ ಹೆಣೆದುಕೊಳ್ಳುವವರೂ ಉಂಟು. ಇದನ್ನು ಕೇಳಿದ ಜೈನ ವಾಚಕರಿಗೆ ಹೆಮ್ಮೆಯೆನಿಸುವುದು ಸಹಜ. ನಮ್ಮ ಪರಿಗ್ರಹ ಪರಿಮಾಣ ವ್ರತದ ಮಹಿಮೆಯನ್ನು ಲೋಕವು ಈಗ ಅರಿಯುತ್ತಿದೆಯೆಂದು ನಾವು ಹೇಳಿಕೊಳ್ಳುತ್ತೇವೆ. ಈ ಹೆಮ್ಮೆ ಎಷ್ಟರ ಮಟ್ಟಿಗೆ ಸಾಧುವಾದುದು? ಆ ಮಿತಿಗೂ ನಮ್ಮ ವ್ರತಕ್ಕೂ ಇರುವ ಸಾಮ್ಯವೇನು, ಭೇದವೇನು? ಇವುಗಳನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಡಿತರದ ಮೂಲ

ಬ್ರಿಟಿಷ್ ಸರ್ಕಾರವು ಬಟ್ಟೆಯ ಪಡಿತರವನ್ನು 1941ರ ಜೂನ್ 1ರಂದು ಜಾರಿಗೆ ತಂದಿತು. ಸುದ್ದಿ ಮೊದಲೇ ತಿಳಿದರೆ ಜನರು ಅಂಗಡಿಗಳಿಗೆ ಮುಗಿಬೀಳುವರೆಂದು ಅದನ್ನು ಗುಟ್ಟಾಗಿ ಇಡಲಾಗಿತ್ತು. ಪ್ರತ್ಯೇಕ ಪುಸ್ತಕ ಮುಂಚೆಯೇ ಅಚ್ಚಾದರೆ ಗುಟ್ಟು ರಟ್ಟಾಗುವುದರಿಂದ, ಆಹಾರದ ಪಡಿತರ ಪುಸ್ತಕದಲ್ಲಿ ಉಳಿದಿದ್ದ ಮಾರ್ಗರೀನ್ ಕೂಪನ್‌ಗಳನ್ನೇ ಆರಂಭದಲ್ಲಿ ಬಟ್ಟೆಗೆ ಬಳಸಿಕೊಳ್ಳಲಾಯಿತು. ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸರ ಉಣ್ಣೆಯ ಸೂಟಿಗೆ 26, ಹೆಂಗಸರ ಉಣ್ಣೆಯ ಉಡುಪಿಗೆ 11, ಅದೇ ಹತ್ತಿಯದಾದರೆ 7, ಗಂಡಸರ ಒಂದು ಜೊತೆ ಕಾಲುಚೀಲಕ್ಕೆ 3 ಕೂಪನ್ ಕಳೆಯುತ್ತಿದ್ದವು. ಹೆಣಿಗೆಯ ಉಣ್ಣೆ ನೂಲಿಗೆ ಎರಡು ಔನ್ಸಿಗೆ ಒಂದು ಕೂಪನ್. ಒಂದು ಜೊತೆ ಕಾಲುಚೀಲಕ್ಕೆ ನಾಲ್ಕು ಔನ್ಸ್ ನೂಲು ಸಾಕೆಂದು ಹಿಡಿದರೂ ಮನೆಯಲ್ಲಿ ಹೆಣೆದವರಿಗೆ ಒಂದು ಕೂಪನ್ ಉಳಿಯುತ್ತಿತ್ತು. ವರ್ಷಗಳು ಕಳೆದಂತೆ ಕೂಪನ್‌ಗಳು ಇಳಿಯುತ್ತ ಹೋದವು. 1945ರ ಸೆಪ್ಟೆಂಬರಿನಿಂದ 1946ರ ಏಪ್ರಿಲ್‌ವರೆಗಿನ ಎಂಟು ತಿಂಗಳಿಗೆ ದೊರೆತದ್ದು 24 ಮಾತ್ರ. ಈ ವ್ಯವಸ್ಥೆ 1949ರ ಮಾರ್ಚ್ 15ರಂದು ಕೊನೆಗೊಂಡಿತು.

ಈ ಪಡಿತರದ ದೊಡ್ಡ ಗುಣ ಸಮತೆ. ಶ್ರೀಮಂತನಿಗೂ ಬಡವನಿಗೂ ಮೂಲ ಕೂಪನ್ ಒಂದೇ ಸಂಖ್ಯೆಯದು. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಅದರ ಕೊರತೆಯೂ ಸ್ಪಷ್ಟ. ಸಂಖ್ಯೆಯನ್ನು ಕಾಯಿದೆ ಆಳಬಲ್ಲದು, ಮನಸ್ಸನ್ನು ಆಳಲಾರದು. 1942ರಲ್ಲಿ ಬಟ್ಟೆ ಉಳಿಸುವ ಸಲುವಾಗಿ ಷರಾಯಿಯ ತುದಿಯ ಹೊರಮಡಿಕೆಗಳನ್ನು ನಿಷೇಧಿಸಿದಾಗ, ಬೇಕೆಂದೇ ಉದ್ದವಾದ ಷರಾಯಿಯನ್ನು ಕೊಂಡು ಮನೆಯಲ್ಲಿ ಮಡಿಕೆ ಹಾಕಿಸಿಕೊಂಡವರಿದ್ದರು. ಆಜ್ಞೆಯ ಅಕ್ಷರಕ್ಕೆ ಭಂಗವಿಲ್ಲ, ಬಟ್ಟೆ ಮಾತ್ರ ಉಳಿಯಲಿಲ್ಲ. ವ್ರತದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಪರಿಮಾಣವಿತ್ತು, ನಿಃಸ್ಪೃಹತೆ ಇರಲಿಲ್ಲ.

1943ರಲ್ಲಿ ಅದೇ ಸರ್ಕಾರ ಪ್ರಕಟಿಸಿದ 'ಮೇಕ್ ಡೂ ಅಂಡ್ ಮೆಂಡ್' ಎಂಬ ಕಿರುಹೊತ್ತಗೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇದ್ದುದರಲ್ಲಿ ಸಾಗಿಸಿ, ಹರಿದುದನ್ನು ಸರಿಪಡಿಸಿ ಎಂಬುದು ಅದರ ಹೆಸರಿನ ತಾತ್ಪರ್ಯ. ನುಸಿಯಿಂದ ಉಣ್ಣೆಯನ್ನು ಕಾಯುವುದು, ತೇಪೆ ಹಾಕುವುದು, ಸವೆದ ಕಾಲುಚೀಲವನ್ನು ರಫು ಮಾಡುವುದು, ಹಳೆಯ ಹೆಣಿಗೆಯನ್ನು ಬಿಚ್ಚಿ ಅದೇ ನೂಲಿನಿಂದ ಬೇರೆಯದನ್ನು ಹೆಣೆಯುವುದು ಮುಂತಾದ ವಿಷಯಗಳನ್ನು ಅದು ಮನೆಯ ಹಿರಿಯಳು ಹೇಳಿಕೊಡುವಂತೆ ಹೇಳುತ್ತದೆ. ವಸ್ತುವಿನ ಆಯುಸ್ಸನ್ನು ಗೌರವಿಸುವ ಈ ದೃಷ್ಟಿ ಮೆಚ್ಚತಕ್ಕದ್ದು. ಆದರೂ ಅದರ ಗುರಿ ಯುದ್ಧ ಗೆಲ್ಲುವುದು. ಇಂದು ತಡೆದುಕೊಳ್ಳಿ ಎಂಬುದು ಅದರ ಉಪದೇಶವೇ ಹೊರತು, ಬೇಕೆಂಬುದೇ ಕ್ಷೀಣಿಸಲಿ ಎಂಬುದಲ್ಲ. ಪಡಿತರ ಹೋದ ಮೇಲೆ ಆಸೆ ಎಲ್ಲಿತ್ತೋ ಅಲ್ಲಿಂದಲೇ ಮತ್ತೆ ಹೊರಟಿತು.

ಇಲ್ಲಿ ಒಂದು ಕಾಲಸಾಮ್ಯವನ್ನು ಗಮನಿಸಬಹುದು. ಅಲ್ಲಿ ಕೂಪನ್ ಪುಸ್ತಕ ಮುಚ್ಚಿದ 1949ರ ಮಾರ್ಚ್ ತಿಂಗಳಿನಲ್ಲಿಯೇ ರಾಜಸ್ಥಾನದ ಸರದಾರ್‌ಶಹರದಲ್ಲಿ ಆಚಾರ್ಯ ತುಳಸಿಯವರು ಅಣುವ್ರತ ಆಂದೋಲನವನ್ನು ಆರಂಭಿಸಿದರು. ಒಂದೆಡೆ ಹೊರಗಿನ ಮಿತಿ ಕಳಚಿತು, ಇನ್ನೊಂದೆಡೆ ಒಳಗಿನ ಮಿತಿಗೆ ಕರೆ ಬಂದಿತು.

ಹೊಸ ಪಡಿತರ

ಇಂದಿನ ಸ್ವಯಂಪಡಿತರಕ್ಕೆ ಆಧಾರ ಯುದ್ಧವಲ್ಲ, ಭೂಮಿಯ ತಾಪ. ಬರ್ಲಿನ್ನಿನ 'ಹಾಟ್ ಆರ್ ಕೂಲ್' ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯೊಂದು ಸಿರಿವಂತ ದೇಶಗಳವರು ವರ್ಷಕ್ಕೆ ಸುಮಾರು ಐದು ಹೊಸ ಉಡುಪುಗಳಿಗೆ ನಿಲ್ಲಬೇಕೆಂದು ಸೂಚಿಸಿತು. ಎರಡು ಋತುಗಳ ಹವೆಯಲ್ಲಿ ಒಬ್ಬರಿಗೆ 74, ನಾಲ್ಕು ಋತುಗಳ ಹವೆಯಲ್ಲಿ 85 ಉಡುಪುಗಳಿದ್ದರೆ ಸಾಕೆಂಬುದು ಅದರ ಎಣಿಕೆ. ಒಳಉಡುಪು ಮೊದಲಾದವು ಇದರಲ್ಲಿ ಸೇರಿಲ್ಲ. ಮರುವರ್ಷ ಟಿಫನಿ ಡಾರ್ಕ್ ಎಂಬ ಬ್ರಿಟಿಷ್ ಪತ್ರಿಕಾ ಲೇಖಕಿ ಇದನ್ನೇ 'ಐದರ ನಿಯಮ'ವೆಂದು ಪ್ರಚಾರಕ್ಕೆ ತಂದರು.

ಈ ಸಂಖ್ಯೆಗಳನ್ನು ನೋಡಿ ನಗುವವರಿರಬಹುದು. ಎಂಬತ್ತೈದು ಉಡುಪುಗಳು ಮಿತಿಯೇ ಎಂದು ಕೇಳಬಹುದು. ಕ್ಷುಲ್ಲಕರಿಗೆ ಒಂದು ಕೌಪೀನ, ಒಂದು ಖಂಡವಸ್ತ್ರ. ಐಲಕರಿಗೆ ಕೌಪೀನ ಮಾತ್ರ. ಮುನಿಗಳಿಗೆ ಅದೂ ಇಲ್ಲ. ಆ ಎತ್ತರದಿಂದ ನೋಡಿದರೆ ಐದೂ ಹೆಚ್ಚೇ. ಆದರೆ ಮುನಿಯ ಎತ್ತರವನ್ನು ಗೃಹಸ್ಥನು ತನ್ನ ಆಸ್ತಿಯಂತೆ ತೋರಿಸಿಕೊಳ್ಳುವುದು ನ್ಯಾಯವಲ್ಲ. ನಗುವ ಮೊದಲು ನಮ್ಮ ಮನೆಯ ಬೀರುವಿನಲ್ಲಿ ಎಷ್ಟಿವೆಯೆಂದು ಎಣಿಸಬೇಕು. ಎಣಿಸಿದವರು ನಮ್ಮಲ್ಲಿ ಎಷ್ಟು ಜನ? ಅವರ ಸಂಖ್ಯೆ ದೊಡ್ಡದಿರಬಹುದು, ಆದರೆ ಅವರು ಎಣಿಸಿದ್ದಾರೆ. ವ್ರತದ ಮೊದಲ ಮೆಟ್ಟಿಲು ಎಣಿಕೆಯೇ.

ವಸ್ತ್ರವು ಭೋಗವೋ, ಉಪಭೋಗವೋ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ-ಉಪಭೋಗಗಳನ್ನು ಬೇರ್ಪಡಿಸುತ್ತಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ, ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ಆಹಾರವು ಮೊದಲನೆಯದಕ್ಕೆ, ವಸ್ತ್ರವು ಎರಡನೆಯದಕ್ಕೆ ಉದಾಹರಣೆ. ಶತಮಾನಗಳ ಕಾಲ ಈ ವಿಭಾಗವನ್ನು ಪ್ರಶ್ನಿಸುವ ಅಗತ್ಯವೇ ಬರಲಿಲ್ಲ. ಬಟ್ಟೆ ಉಟ್ಟು, ಒಗೆದು, ಮತ್ತೆ ಉಡುವ ವಸ್ತು. ಹಳತಾದರೆ ಕೌದಿಯಾಗಿ, ಕೊನೆಗೆ ಒರೆಸುವ ಅರಿವೆಯಾಗಿ ಮನೆಯಲ್ಲಿಯೇ ಸವೆಯುವ ವಸ್ತು.

ನಮ್ಮ ಕಾಲದ ನಿಜವಾದ ಅಧರ್ಮ ಇಲ್ಲಿದೆ: ಉಪಭೋಗವಾಗಿದ್ದ ವಸ್ತ್ರವು ಭೋಗವಾಗಿ ಇಳಿದಿದೆ. ಒಂದು ಮದುವೆಗೆ ಉಟ್ಟ ಸೀರೆಯನ್ನು ಅದೇ ಬಂಧುಗಳ ಮುಂದೆ ಮತ್ತೆ ಉಡಲು ಸಂಕೋಚ. ಮಕ್ಕಳಿಗೆ ಒಂದು ಹುಟ್ಟುಹಬ್ಬಕ್ಕೆ ತಂದ ಉಡುಪು ಇನ್ನೊಂದಕ್ಕೆ ಸಲ್ಲದು. ಬಟ್ಟೆಯನ್ನು ಊಟದಂತೆ ಒಮ್ಮೆ ಉಂಡು ಎಲೆ ಎತ್ತುತ್ತಿದ್ದೇವೆ. ಪುಣ್ಯಕ್ಷೇತ್ರದಲ್ಲಿಯೂ ಈ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಪಾದರಕ್ಷೆಯಿಲ್ಲದೆ ಏರಬೇಕು. ಬಿಸಿಲೇರಿದಾಗ ಬಂಡೆ ಸುಡುವುದರಿಂದ ಯಾತ್ರಿಕರು ಕಾಲುಚೀಲ ಹಾಕಿಕೊಳ್ಳುವುದುಂಟು; ಬೆಟ್ಟದ ಬುಡದಲ್ಲಿಯೇ ಅವು ಮಾರಾಟಕ್ಕೆ ದೊರೆಯುತ್ತವೆ. ಕಾಲನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಚಾವುಂಡರಾಯನು 981ರಲ್ಲಿ ನಿಲ್ಲಿಸಿದ, ನೂಲಿನ ಎಳೆಯೂ ಇಲ್ಲದ ಆ 58 ಅಡಿಯ ಮೂರ್ತಿಯನ್ನು ದರ್ಶಿಸಿ ಇಳಿದ ಮೇಲೆ, ಗಂಟೆಯ ಹಿಂದೆ ಕೊಂಡ ಆ ಕಾಲುಚೀಲ ಏನಾಗುತ್ತದೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಮನೆಯಿಂದಲೇ ಹಳೆಯದೊಂದು ಜೊತೆಯನ್ನು ಒಯ್ಯಬಹುದೆಂದು ಹೊಳೆಯುವುದೂ ಇಲ್ಲ.

ಈ ದೃಷ್ಟಿಯಿಂದ 'ಐದರ ನಿಯಮ'ದಲ್ಲಿಯೂ ಒಂದು ದೋಷ ಕಾಣುತ್ತದೆ. ಅದು ಎಷ್ಟು ಕೊಂಡಿರೆಂದು ಕೇಳುತ್ತದೆ, ಎಷ್ಟು ಸಾರಿ ಉಟ್ಟಿರೆಂದು ಕೇಳುವಷ್ಟು ಬಲವಾಗಿ ಕೇಳುವುದಿಲ್ಲ. ಐದನ್ನೇ ಕೊಂಡು ಮುಂದಿನ ವರ್ಷದ ಐದಕ್ಕಾಗಿ ಹನ್ನೆರಡು ತಿಂಗಳು ಹಂಬಲಿಸುವುದು ಸಾಧ್ಯ. ಭೋಗೋಪಭೋಗ ಪರಿಮಾಣಕ್ಕೆ ಆಚಾರ್ಯರು ಹೇಳುವ ಐದು ಅತಿಚಾರಗಳನ್ನು ನೋಡಿ: ವಿಷಯಗಳಲ್ಲಿ ಆದರವನ್ನು ಬಿಡದಿರುವುದು, ಹಿಂದೆ ಅನುಭವಿಸಿದುದನ್ನು ನೆನೆಯುತ್ತಿರುವುದು, ಅತಿಲೋಲುಪತೆ, ಮುಂದಿನದಕ್ಕಾಗಿ ಅತಿತೃಷ್ಣೆ, ಅನುಭವದಲ್ಲಿ ಅತಿಯಾಗಿ ಮುಳುಗುವುದು. ಈ ಐದರಲ್ಲಿ ಒಂದಕ್ಕೂ ಹೊಸದೊಂದು ವಸ್ತುವನ್ನು ಕೊಳ್ಳುವ ಅವಶ್ಯಕತೆಯಿಲ್ಲ. ಸಂಖ್ಯೆ ಮೀರದೆಯೇ ವ್ರತವು ಕೆಡಬಲ್ಲದು.

ಹೆಣಿಗೆಯ ಪಾಠ

ಕಾಲುಚೀಲವನ್ನು ತಾನೇ ಹೆಣೆಯುವುದರ ಬೆಲೆ ಅದು ಉಳಿಸುವ ಹಣದಲ್ಲಿಲ್ಲ. ಯಂತ್ರದ ಕಾಲುಚೀಲ ಅದಕ್ಕಿಂತ ಅಗ್ಗ. ಅದರ ಬೆಲೆ ಅದು ಕೊಡುವ ತಿಳಿವಳಿಕೆಯಲ್ಲಿದೆ. ಸಣ್ಣ ನೂಲಿನ ಕಾಲುಚೀಲಕ್ಕೆ ಸಾಮಾನ್ಯವಾಗಿ ಸುತ್ತಿಗೆ 64 ಕುಣಿಕೆಗಳು. ಇಂಥ ನೂರೈವತ್ತು ಸುತ್ತುಗಳಾದರೂ ಬೇಕು. ಹಿಮ್ಮಡಿಯ ತಿರುವು ಬೇರೆ. ಒಂದು ಜೊತೆ ಮುಗಿಯುವ ವೇಳೆಗೆ ಬೆರಳುಗಳು ಸುಮಾರು ಇಪ್ಪತ್ತು ಸಾವಿರ ಕುಣಿಕೆಗಳನ್ನು ದಾಟಿರುತ್ತವೆ. ಹೀಗೆ ಹೆಣೆದವರು ಅದನ್ನು ತೂತಾದೊಡನೆ ಎಸೆಯುವುದಿಲ್ಲ, ರಫು ಮಾಡುತ್ತಾರೆ. ವಸ್ತ್ರವು ಮತ್ತೆ ಉಪಭೋಗದ ಸ್ಥಾನಕ್ಕೆ ಏರುತ್ತದೆ.

ಇನ್ನೊಂದು ಲಾಭವೂ ಇದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿಯೂ ಕರ್ಮಬಂಧವನ್ನು ಕಾಣುವ ಧರ್ಮ ನಮ್ಮದು. ಅಂಗಡಿಯ ಗಾಜಿನ ಹಿಂದೆ ಕಾರಿತವು ಮರೆಯಾಗಿರುತ್ತದೆ. ತಾನೇ ಹೆಣೆಯುವವನಿಗೆ ನೂಲು ಎಲ್ಲಿಂದ ಬಂದಿತೆಂದು ಕೇಳದೆ ಗತ್ಯಂತರವಿಲ್ಲ. ಕಾಲುಚೀಲದ ನೂಲಿನಲ್ಲಿ ಬಹುಪಾಲು ಉಣ್ಣೆ, ಗಟ್ಟಿತನಕ್ಕೆಂದು ಉಳಿದದ್ದು ನೈಲಾನ್. ಆಸ್ಟ್ರೇಲಿಯದ ಮೆರಿನೋ ಕುರಿಗಳಿಗೆ ನೊಣದ ಹುಳುವಿನ ಬಾಧೆ ತಗಲದಿರಲೆಂದು ಬಾಲದ ಸುತ್ತಿನ ಚರ್ಮವನ್ನೇ ಕತ್ತರಿಸುವ ರೂಢಿಯಿರುವುದು ತಿಳಿದಾಗ, ಶ್ರಾವಕನ ಕೈಯಲ್ಲಿ ಸೂಜಿ ನಿಲ್ಲಬೇಕು. ನಮ್ಮ ಹವೆಗೆ ಹತ್ತಿಯೇ ಸಾಕು. ಪೂಜೆಗೆ ರೇಷ್ಮೆಯೇ ಮಡಿಯೆಂದು ಉಡುವವರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು, ಏಕೆಂದರೆ ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದ ಮೇಲೆಯೇ ಸಾಮಾನ್ಯ ರೇಷ್ಮೆಯ ಅಖಂಡ ಎಳೆ ದೊರೆಯುವುದು.

ಹೆಣಿಗೆಯೂ ಪರಿಗ್ರಹಕ್ಕೆ ಹೊರತಾದುದಲ್ಲ. ಪಶ್ಚಿಮದ ಹೆಣಿಗೆಗಾರರಲ್ಲಿ ನೂಲಿನ ಉಂಡೆಗಳನ್ನು ಕೂಡಿಹಾಕುವ ಚಪಲ ಎಷ್ಟು ಪ್ರಸಿದ್ಧವೆಂದರೆ, ಆಯುಸ್ಸು ಮುಗಿದರೂ ಹೆಣೆದು ಮುಗಿಯದಷ್ಟು ಸಂಗ್ರಹಕ್ಕೆ ಅವರಲ್ಲಿ ನಗೆಯಾಡಿಕೊಳ್ಳುವ ಹೆಸರೇ ಇದೆ. ಉಡುಪಿನ ಬೀರುವಿಗೆ ಬೀಗ ಹಾಕಿ ನೂಲಿನ ಪೆಟ್ಟಿಗೆಯನ್ನು ತೆರೆದಂತಾಯಿತು. ಮೂರ್ಛೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರವು ಬೋಧಿಸುವುದರ ಅರ್ಥ ಇಲ್ಲಿ ಪ್ರತ್ಯಕ್ಷ. ವಸ್ತು ಬದಲಾದರೂ ಮೂರ್ಛೆ ತನ್ನ ಜಾಗವನ್ನು ಕಂಡುಕೊಳ್ಳುತ್ತದೆ.

ನಮ್ಮ ಪಾಡು

ಈಗ ನಮ್ಮತ್ತ ತಿರುಗೋಣ. ಆಹಾರದ ವಿಷಯದಲ್ಲಿ ನಮ್ಮ ಸಮಾಜದ ಎಚ್ಚರ ಅಸಾಧಾರಣ. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಚಾತುರ್ಮಾಸದಲ್ಲಿ ಹಸಿರು ತರಕಾರಿಗಳ ತ್ಯಾಗ, ಊಟದಲ್ಲಿ ಇಂತಿಷ್ಟೇ ಪದಾರ್ಥಗಳೆಂಬ ನಿಯಮ ಇವೆಲ್ಲ ಅನೇಕ ಮನೆಗಳಲ್ಲಿ ಇಂದಿಗೂ ಜೀವಂತ. ಆದರೆ ಅದೇ ಆಚಾರ್ಯರು ಆಹಾರ, ವಾಹನ, ಹಾಸಿಗೆಗಳೊಡನೆ ವಸ್ತ್ರವನ್ನೂ ಹೆಸರಿಸಿ ಕಾಲದ ಮಿತಿಯೊಂದಿಗೆ ತ್ಯಜಿಸಲು ವಿಧಿಸಿದ್ದಾರೆ. ಶ್ವೇತಾಂಬರರ ಹದಿನಾಲ್ಕು ದೈನಿಕ ನಿಯಮಗಳಲ್ಲಿಯೂ ವಸ್ತ್ರಕ್ಕೆ ಸ್ಥಾನವುಂಟು. ಬಟ್ಟಲಿನಲ್ಲಿ ಬಿದ್ದುದನ್ನು ಎಣಿಸುವ ನಾವು ಬೀರುವಿನಲ್ಲಿ ಇದ್ದುದನ್ನು ಎಣಿಸುವುದನ್ನು ಯಾವಾಗ ಮರೆತೆವು? ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನದ ಪ್ರವಚನಕ್ಕೆ ಹೊಸ ಸೀರೆಯುಟ್ಟು ಬರುವುದರಲ್ಲಿ ನಮಗೆ ವಿರೋಧವೇ ತೋರುವುದಿಲ್ಲ.

ಪರಿಮಾಣ ಮಾಡುವವರೂ ಹಲವೊಮ್ಮೆ ಈಗಿರುವುದಕ್ಕಿಂತ ಮೇಲೆಯೇ ಗೆರೆ ಎಳೆಯುತ್ತಾರೆ. ಅಂಥ ಗೆರೆ ಆಸೆಗೆ ಬೇಲಿಯಲ್ಲ, ಆಸೆ ತಲುಪಬೇಕಾದ ಊರು. ಈ ವ್ರತಕ್ಕೆ ಶ್ರಾವಕಾಚಾರವು ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿರುವುದು ಸುಮ್ಮನೆ ಅಲ್ಲ. ಅಳೆಯುವುದು ಅರ್ಧ ವ್ರತ. ಅಳತೆಯ ಆಚೆಗಿನದರಲ್ಲಿ ನಿಃಸ್ಪೃಹರಾಗುವುದು ಉಳಿದರ್ಧ. ಅವರು ಮೊದಲರ್ಧವನ್ನು ಶ್ರದ್ಧೆಯಿಂದ ಮಾಡುತ್ತಿದ್ದಾರೆ. ನಾವು ಎರಡನೆಯರ್ಧವನ್ನು ಬಾಯಲ್ಲಿ ಹೇಳುತ್ತ ಮೊದಲರ್ಧವನ್ನೂ ಕೈಬಿಟ್ಟಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಟ್ಟೆಯ ವ್ಯಾಪಾರವೇ ಜೀವನೋಪಾಯವಾಗಿರುವ ಜೈನ ಕುಟುಂಬಗಳು ಅನೇಕ. ಎಲ್ಲರೂ ಮಿತಿಗೆ ಇಳಿದರೆ ವರ್ತಕನ, ನೇಕಾರನ ಗತಿಯೇನು? ಉತ್ತರ ಕಠಿಣವಾದರೂ ಸರಳ. ಅಗ್ಗದ ಹತ್ತು ಉಡುಪುಗಳ ಬದಲು ನೇಕಾರನಿಗೆ ನ್ಯಾಯವಾದ ಕೂಲಿ ದೊರೆಯುವ ಒಂದು ಇಳಕಲ್ ಸೀರೆಯನ್ನು ಕೊಂಡು ಬಹುಕಾಲ ಉಡುವವಳಿಂದ ಮಗ್ಗ ಬದುಕುತ್ತದೆ. ಅಂಗಡಿಯ ವಹಿವಾಟು ಇಳಿಯುವುದು ದಿಟ. ಆದರೆ ಗಿರಾಕಿಯ ಅತಿತೃಷ್ಣೆಯ ಮೇಲೆ ನಿಂತ ಲಾಭದಲ್ಲಿ ಅನುಮೋದನೆಯ ಪಾಲು ಇದೆಯೆಂಬುದನ್ನು ಜೈನ ವರ್ತಕನು ಅಲ್ಲಗಳೆಯಲಾರನು. ಹಳೆಯ ಬಟ್ಟೆಯನ್ನು ದಾನ ಮಾಡುತ್ತೇವಲ್ಲ ಎಂಬ ಸಮಾಧಾನವೂ ನಿಲ್ಲದು. ಪಶ್ಚಿಮದವರು ಹಾಗೆ ಕೊಟ್ಟ ಉಣ್ಣೆಯ ಬಟ್ಟೆಗಳು ಹಡಗೇರಿ ಹರಿಯಾಣದ ಪಾಣಿಪತ್ತಿಗೆ ಬಂದು, ಅಲ್ಲಿ ಚಿಂದಿಯಾಗಿ, ಮತ್ತೆ ನೂಲಾಗಿ, ಕಂಬಳಿಯಾಗಿವೆ. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಸಾಗಹಾಕುವುದು ತ್ಯಾಗವೆನಿಸದು.

ನಿಯಮವೆಂದರೆ ಕಾಲದ ಮಿತಿಯುಳ್ಳದ್ದು, ಯಮವೆಂದರೆ ಯಾವಜ್ಜೀವವಾದದ್ದು. ಯಮಕ್ಕೆ ಶಕ್ತಿಯಿಲ್ಲದವರು ನಿಯಮದಿಂದ ಆರಂಭಿಸಬಹುದು. ಬರುವ ದಶಲಕ್ಷಣದ ಆಕಿಂಚನ್ಯದ ದಿನ ಮನೆಯವರೆಲ್ಲ ಕುಳಿತು ಇರುವ ಬಟ್ಟೆಗಳನ್ನು ಎಣಿಸಿ, ಕಾಲುಚೀಲವನ್ನೂ ಬಿಡದೆ ಬರೆದಿಡಲಿ. ಗೆರೆಯನ್ನು ಆ ಸಂಖ್ಯೆಗಿಂತ ಕೆಳಗೆ ಎಳೆಯಲಿ. ಮುಂದಿನ ದಶಲಕ್ಷಣದವರೆಗೆ ಕೊಳ್ಳುವುದನ್ನು ಐದಕ್ಕೋ ಮೂರಕ್ಕೋ ನಿಲ್ಲಿಸಲಿ. ಈ ವರ್ಷ ಉಳಿದುದನ್ನು ಮುಂದಿನ ವರ್ಷದ ಖಾತೆಗೆ ಸೇರಿಸದಿರಲಿ. ಹರಿದುದನ್ನು ಹೊಲಿಯಲು ಮಕ್ಕಳಿಗೆ ಕಲಿಸಲಿ, ಗಂಡುಮಕ್ಕಳಿಗೂ ಕಲಿಸಲಿ. ವರ್ಷದ ಕೊನೆಯಲ್ಲಿ ಲೆಕ್ಕ ನೋಡುವಾಗ ಎಷ್ಟು ಕೊಂಡೆವೆಂಬುದರ ಜೊತೆಗೆ, ಕೊಳ್ಳದೆ ಬಿಟ್ಟುದನ್ನು ಎಷ್ಟು ಸಾರಿ ನೆನೆದೆವೆಂಬುದನ್ನೂ ಪ್ರತಿಯೊಬ್ಬರು ತಮಗೆ ತಾವೇ ಕೇಳಿಕೊಳ್ಳಲಿ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಆದರೆ ವ್ರತವು ನಿಂತಿತೋ ಬಿದ್ದಿತೋ ಎಂಬುದು ತಿಳಿಯುವುದು ಆ ಉತ್ತರದಿಂದಲೇ.