ತೀರ್ಪಿಗೆ ಮುನ್ನವೇ ಶಿಕ್ಷೆ: ಸ್ನೇಹಲತಾ ರೆಡ್ಡಿಯವರ ಸೆರೆಮನೆಯ ದಿನಚರಿ

‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ನಿಮ್ಮಲ್ಲಿ ಹಲವರು ಬಲ್ಲ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ ದಿನಚರಿ, ಅವರ ಮರಣಾನಂತರ 1977ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಗಾತ್ರದಲ್ಲಿ ಕಿರಿದಾದರೂ ನ್ಯಾಯದ ಕುರಿತು ಹಿರಿದಾದ ಪ್ರಶ್ನೆಯನ್ನೆತ್ತುವ ಕೃತಿಯಿದು.

ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ 2ರಂದು ಅವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಅವರನ್ನು ಸೆರೆಯಲ್ಲಿಯೇ ಇರಿಸಲಾಯಿತು. ಉಬ್ಬಸದಿಂದ ನರಳಿದ ಅವರು 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, 20ರಂದು ತೀರಿಕೊಂಡರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿಯೆಂದು ಹೇಳಿರಲಿಲ್ಲ.

ಸ್ವಂತ ನೋವಿನ ನಡುವೆಯೂ ಲೇಖಕಿಯ ಕಣ್ಣು ಸಹಕೈದಿಗಳಾದ ಹೆಂಗಸರ ಅವಮಾನದತ್ತ ಹೊರಳುವುದೇ ಈ ದಿನಚರಿಯ ಶಕ್ತಿ. ಅದರ ಮಿತಿಯೂ ಅಲ್ಲಿಯೇ ಇದೆ: ಅಂಥವರ ಮೊಕದ್ದಮೆಗಳು ಕೊನೆಗೆ ಏನಾಗುತ್ತವೆ ಎಂಬುದನ್ನು ಸೆರೆಯೊಳಗಿನ ದಿನಚರಿ ಹೇಳಲಾರದು. ಬರೆಯದೆ ಉಳಿದ ಆ ಪುಟವನ್ನು ನಾವೇ ಓದಿಕೊಳ್ಳಬೇಕು.

ನಮ್ಮ ಗಿರಿನಗರದ ಕೂಲಿಕಾರನೊಬ್ಬನ ಮೇಲೆ ಸಣ್ಣ ಕಳವಿನ ಆರೋಪ ಬಂತೆನ್ನಿ. ಜಾಮೀನು ಮಂಜೂರಾದರೂ, ಪಹಣಿ ಹಿಡಿದು ನಿಲ್ಲುವ ಜಾಮೀನುದಾರ ಅವನಿಗೆಲ್ಲಿ? ಒಳಗಿದ್ದುಕೊಂಡು ಸಾಕ್ಷಿಗಳನ್ನು ಹುಡುಕಲಾರ, ವಕೀಲರೊಡನೆ ಸಾವಧಾನವಾಗಿ ಮಾತನಾಡಲಾರ; ಹೊರಗೆ ಮನೆಬಾಡಿಗೆ ಏರುತ್ತಿರುತ್ತದೆ. ಸೆರೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯುವುದುಂಟು. ಹೀಗಾಗಿ ತಪ್ಪೊಪ್ಪಿಕೊಂಡರೆ ಇಂದೇ ಮನೆಗೆ ಹೋಗಬಹುದು. ನಿರಪರಾಧಿಯೆಂದು ವಾದಿಸಿದರೆ ಇನ್ನೆಷ್ಟು ತಿಂಗಳೋ! ಆಗ ಸೆರೆಯೇ ತೀರ್ಪನ್ನು ಬರೆದಂತಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾ ಮತ್ತು ಮಯಾಮಿಯ ಪ್ರಕರಣಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು: ವಿಚಾರಣೆಗೆ ಮುನ್ನ ಸೆರೆಯಲ್ಲಿದ್ದವರು ಅಪರಾಧಿಗಳೆನಿಸುವ ಸಂಭವ ಹೆಚ್ಚು, ಅದಕ್ಕೆ ಮುಖ್ಯ ಕಾರಣ ತಪ್ಪೊಪ್ಪಿಗೆ.

2022ರ ಅಂತ್ಯಕ್ಕೆ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದ ಮೊದಲ ಬಾರಿಯ ಆರೋಪಿಗೆ ಬಿಡುಗಡೆಯ ದಾರಿ ತೆರೆದಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿದ್ದವರಿಗೂ ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವರಿಗೂ ಆ ದಾರಿಯಿಲ್ಲ.

ಸಂತ ಪೌಲರನ್ನು ರಾಜ್ಯಪಾಲ ಫೆಲಿಕ್ಸನು ತೀರ್ಪು ನೀಡದೆಯೇ ಎರಡು ವರ್ಷ ಸೆರೆಯಲ್ಲಿಟ್ಟನು. ಅದನ್ನು ಅನ್ಯಾಯವೆಂದು ಓದುವ ನಾವು, ನೆರೆಮನೆಯವನ ಬಂಧನವಾದಾಗ ‘ಏನೋ ಮಾಡಿರಲೇಬೇಕು’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ದಿನಚರಿಯನ್ನು ಓದಿರಿ. ಓದಿದ ಮೇಲೆ ಅಂಥ ಮನೆಯ ಬಾಗಿಲು ತಟ್ಟಿರಿ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಲು ನೆರವಾಗಿರಿ. ಅವನನ್ನು ಬಲ್ಲವರಾಗಿದ್ದರೆ, ಜಾಮೀನಿಗೆ ನಿಲ್ಲಲು ಹಿಂಜರಿಯದಿರಿ.