ಸಗಣಿ, ನೂಲು, ಹಳೆಯ ಬಟ್ಟೆ: ‘ಅಸಾಂಪ್ರದಾಯಿಕ’ ಮಾಧ್ಯಮಗಳ ಜಾನಪದೀಯ ನೆಲೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಬೇರೆ ಬೇರೆ ಖಂಡಗಳ ಕಲಾವಿದರು ನಾರು, ನೂಲು ಹಾಗೂ ಬಳಸಿ ಬಿಸುಟ ವಸ್ತುಗಳತ್ತ ಹೊರಳಿದ್ದಾರೆ. ಪೋಲೆಂಡಿನ ಮಗ್ದಲೇನಾ ಅಬಕಾನೋವಿಚ್ (1930–2017) ಸೀಸಲ್ ನಾರಿನಿಂದ ಬೃಹತ್ ಆಕೃತಿಗಳನ್ನು ನೇಯ್ದರು. ಘಾನಾದಲ್ಲಿ ಜನಿಸಿ ನೈಜೀರಿಯಾದಲ್ಲಿ ನೆಲೆಸಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದು ಲೋಹದ ವಸ್ತ್ರವನ್ನೇ ಸೃಷ್ಟಿಸಿದರು. ಕಲಾವಿಮರ್ಶೆ ಇವನ್ನು ‘ಅಸಾಂಪ್ರದಾಯಿಕ ಮಾಧ್ಯಮ’ಗಳೆಂದು ವರ್ಗೀಕರಿಸುತ್ತದೆ. ಈ ವರ್ಗೀಕರಣ ಯಾರ ಸಂಪ್ರದಾಯವನ್ನು ಅಳತೆಗೋಲಾಗಿ ಇರಿಸಿಕೊಂಡಿದೆ ಎಂಬುದು ಪರಿಶೀಲನಾರ್ಹ.

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಅಲ್ಲಿ ಗೋವಿನ ಸಗಣಿ ಬೆಂಕಿಯಲ್ಲಿ ಬೆಂದು ವಿಭೂತಿಯಾಗುತ್ತದೆ. ಇದೇ ಸೀಮೆಯ ಇಳಕಲ್ಲಿನ ಕುಣಿಮಗ್ಗದಲ್ಲಿ ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಉಟ್ಟು ಜೀರ್ಣವಾದ ಸೀರೆಗಳು ಮನೆಯ ಹೆಂಗಸರ ಕೈಯಲ್ಲಿ ಪದರ ಪದರವಾಗಿ ಹೊಲಿಗೆಗೊಂಡು ಕೌದಿಯಾಗುತ್ತವೆ. ಸಗಣಿ, ನೂಲು, ಹಳೆಯ ಬಟ್ಟೆ ಇಲ್ಲಿ ಅಸಾಂಪ್ರದಾಯಿಕವಲ್ಲ; ಅವೇ ಸಂಪ್ರದಾಯದ ಮೂಲದ್ರವ್ಯಗಳು.

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಅವರ ಕೃತಿಗಳನ್ನು ಈ ಹಿನ್ನೆಲೆಯಲ್ಲಿ ಮರುಓದಬೇಕಾಗಿದೆ. ಬೆಂಗಳೂರು, ಶಾಂತಿನಿಕೇತನ ಮತ್ತು ಲಂಡನ್ನಿನಲ್ಲಿ ಚಿತ್ರಕಲೆ ಅಭ್ಯಸಿಸಿದ ಅವರು 1990ರ ದಶಕದ ಆರಂಭದಲ್ಲಿ, ದೇಶ ಕೋಮುಹಿಂಸೆಗೆ ತುತ್ತಾದ ಸಂದರ್ಭದಲ್ಲಿ, ಸಗಣಿಯನ್ನು ಮಾಧ್ಯಮವಾಗಿ ಆಯ್ದುಕೊಂಡರು. ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ (1998) ಕೃತಿಯಲ್ಲಿ ಸೂಜಿಗಳ ಮೂಲಕ ಹಾಯಿಸಿದ ಉದ್ದನೆಯ ನೂಲುಗಳು ಕೆಂಪು ಬಣ್ಣ ಮೆತ್ತಿಕೊಂಡು ಹಗ್ಗಗಳಾಗುತ್ತವೆ. ತುದಿಯಲ್ಲಿ ಸೂಜಿಗಳು ಹಾಗೆಯೇ ಉಳಿಯುತ್ತವೆ. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾದ ‘ಬಿಹೋಲ್ಡ್’ನಲ್ಲಿ ಮನುಷ್ಯರ ಕೂದಲಿನ ಹಗ್ಗಗಳು ಕಾರಿನ ಉಕ್ಕಿನ ಬಂಪರುಗಳನ್ನು ಹೊತ್ತಿವೆ. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಇಂತಹ ಹಗ್ಗ ಕಟ್ಟುವ ರೂಢಿಯೇ ಇದರ ಮೂಲ.

ಆದರೆ ಈ ಕೃತಿಗಳನ್ನು ಜಾನಪದದ ಮುಂದುವರಿಕೆ ಎಂದು ಸಂಭ್ರಮಿಸುವುದೂ ಸರಿಯಲ್ಲ. ಜನಪದ ಕುಶಲತೆ ದ್ರವ್ಯವನ್ನು ಪೂರ್ಣ ರೂಪಾಂತರಕ್ಕೆ ಒಯ್ಯುತ್ತದೆ. ಬೆಂಕಿ ಸಗಣಿಯ ಗುರುತನ್ನೇ ಅಳಿಸುತ್ತದೆ. ಸೀರೆ ಉಟ್ಟವಳ ಕಣ್ಣಿಗೆ ಬೀಳುವುದು ಸೆರಗೇ ಹೊರತು ಕೊಂಡಿಯಲ್ಲ. ಶೀಲಾ ಗೌಡ ಆ ಪ್ರಕ್ರಿಯೆಯನ್ನು ನಡುವೆಯೇ ತಡೆದು ನಿಲ್ಲಿಸುತ್ತಾರೆ: ಸಗಣಿ ಸಗಣಿಯಾಗಿಯೇ ಉಳಿಯುತ್ತದೆ, ಸೂಜಿ ಶ್ರಮದ ಸಾಕ್ಷಿಯಾಗಿ ತೂಗುತ್ತದೆ. ಮುಚ್ಚಿಹೋಗುವ ದುಡಿಮೆಯನ್ನು ಕಾಣಿಸುವುದರಲ್ಲಿಯೇ ಈ ಕೃತಿಗಳ ಶಕ್ತಿಯಿದೆ. ಪೂರ್ಣಗೊಂಡ ರೂಪವನ್ನು ಬಲ್ಲವರಿಗೆ ಮಾತ್ರ ಈ ತಡೆಯ ಅರ್ಥ ಪೂರ್ತಿಯಾಗಿ ಹೊಳೆಯುತ್ತದೆ.

ಹೀಗಾಗಿ ಕನ್ನಡ ವಿಮರ್ಶೆಯ ಹೊಣೆ ಇಮ್ಮಡಿಯಾಗುತ್ತದೆ. ಹಾಸು, ಹೊಕ್ಕು, ಕೊಂಡಿ, ಕೌದಿ ಮುಂತಾದ ಕಸುಬಿನ ನುಡಿಗಳು ಕಲಾವಿಮರ್ಶೆಯ ಪರಿಭಾಷೆಯಾಗಬೇಕು. ಕಲಾಕೃತಿಯ ಪಕ್ಕದಲ್ಲಿ ಕಲಾವಿದರ ಹೆಸರಿರುವಂತೆ, ಸಂಗ್ರಹಾಲಯಕ್ಕೆ ಬರುವ ಸೀರೆ, ಕೌದಿಗಳ ಜೊತೆಗೂ ಅವನ್ನು ನೇಯ್ದವರ, ಹೊಲಿದವರ ಹೆಸರು ದಾಖಲಾಗಬೇಕು. ಇಲ್ಲವಾದರೆ ದುಡಿಮೆಯನ್ನು ಕಾಣಿಸುವ ಕಲೆಯನ್ನು ಮೆಚ್ಚುತ್ತಲೇ ದುಡಿದವರನ್ನು ಮರೆಮಾಡುವ ವಿಪರ್ಯಾಸಕ್ಕೆ ವಿಮರ್ಶೆಯೂ ಪಾಲುದಾರನಾಗುತ್ತದೆ.